ಶನಿವಾರದ ಓದು

ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಮಕ್ಕಳು ಕವಿತೆ ಬರೆಯಲು ತೊಡಗುವುದು ಹೊಸ ಸಂಗತಿಯೇನೂ ಅಲ್ಲ. ಮೀಸೆ ಚಿಗುರುವಂತೆ, ಧ್ವನಿ ಒಡೆಯುವಂತೆ ಅದೂ ಒಂದು ವಯೋಧರ್ಮ. ಬಹುಮಂದಿಯಲ್ಲಿ ಅದು ಎರಡು ಮೂರು ವರ್ಷವಿದ್ದು ತಾನಾಗಿಯೇ ಬಿಟ್ಟುಹೋಗುತ್ತದೆ. ಕೆಲವರಲ್ಲಿ ಮಾತ್ರ ನಿಲ್ಲುತ್ತದೆ. ಆದರೆ ಹೀಗೆ ಬರೆದದ್ದು ಎಲ್ಲಿ ಅಡಗಿರುತ್ತದೆಂಬುದನ್ನು ತಂದೆತಾಯಿಗಳೂ ಅರಿಯರು, ಗುರುಗಳೂ ಅರಿಯರು. ಪ್ರಸಾದ ನಿಲಯಗಳಲ್ಲಿ ಬೆಳೆದವರು ಬಲ್ಲರು. ಟ್ರಂಕಿನ ತಳದಲ್ಲಿ ಹಾಸಿದ ಹಳೆಯ ಪತ್ರಿಕೆಯ ಅಡಿಯಲ್ಲಿ, ಗಣಿತದ ನೋಟುಬುಕ್ಕಿನ ಹಿಂಬದಿಯ ಹಾಳೆಗಳಲ್ಲಿ, ಹಾಸಿಗೆಯ ಸುರುಳಿಯೊಳಗೆ ಅದು ಇರುತ್ತದೆ. ಈ ಪತ್ರಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು, ಇಂದು ವಕೀಲರೋ ಇಂಜಿನಿಯರರೋ ಶಿಕ್ಷಕರೋ ಆಗಿರುವವರು, ಈ ಸಾಲುಗಳನ್ನು ಓದುವಾಗ ತಮ್ಮ ತಮ್ಮ ಟ್ರಂಕನ್ನು ನೆನೆಯದಿರಲಾರರು.

ಬರೆಯುವುದು ಒಂದು, ಬರೆದದ್ದನ್ನು ಮತ್ತೊಬ್ಬರ ಮುಂದೆ ಓದುವುದು ಇನ್ನೊಂದು. ಮೊದಲನೆಯದಕ್ಕೆ ಏಕಾಂತ ಸಾಕು. ಎರಡನೆಯದಕ್ಕೆ ಕೇಳುವವರು ಬೇಕು, ಕೇಳುವವರ ಮೇಲೆ ನಂಬಿಕೆಯೂ ಬೇಕು. ನಮ್ಮ ಶಾಲೆ ಕಾಲೇಜುಗಳಲ್ಲಿ, ಮಠಗಳಲ್ಲಿಯೂ, ಹಿರಿಯರು ಬರೆದದ್ದನ್ನು ಮಕ್ಕಳು ಕಂಠಪಾಠ ಮಾಡಿ ಒಪ್ಪಿಸುವ ವ್ಯವಸ್ಥೆ ಬೇಕಾದಷ್ಟಿದೆ. ವಚನ ಗಾಯನ ಸ್ಪರ್ಧೆಯುಂಟು, ವಚನ ಕಂಠಪಾಠ ಸ್ಪರ್ಧೆಯುಂಟು, ಭಾಷಣ ಸ್ಪರ್ಧೆಯುಂಟು. ಅವು ಇರಬೇಕಾದವೇ. ತಮ್ಮದೇ ಆದದ್ದನ್ನು ಓದಿ ತೋರಿಸುವ ಸ್ಥಳ ಮಾತ್ರ ಅಪರೂಪ. ಅಂತಹ ಸ್ಥಳ ಹೇಗಿರಬೇಕು, ಅಲ್ಲಿ ಹಿರಿಯರಾದವರ ಕೆಲಸವೇನು ಎಂಬ ವಿಷಯದಲ್ಲಿ ಕೆಲವು ವರ್ಷಗಳಿಂದ ಕಂಡದ್ದನ್ನು ಸದ್ಭಕ್ತರ ಮುಂದಿಡಬೇಕೆನಿಸಿದೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. ಕಳೆದ ಜಾತ್ರೆಯ ತರುವಾಯ ನಮ್ಮ ಹುಡುಗನೊಬ್ಬನ ಬರಹವನ್ನು ಕುರಿತು ಎದ್ದ ಮಾತು ಹಲವರ ಕಿವಿಗೆ ಅರೆಬರೆಯಾಗಿ ಬಿದ್ದಿದೆ. ಅದನ್ನು ಪೂರ್ಣವಾಗಿ ಹೇಳಿಬಿಡುವುದು ಲೇಸು.

ನಮ್ಮ ಪ್ರಸಾದ ನಿಲಯದಲ್ಲಿ ಶನಿವಾರ ರಾತ್ರಿಯ ಪ್ರಸಾದವಾದ ಮೇಲೆ ಹುಡುಗರು ಗ್ರಂಥಾಲಯದ ಪಡಸಾಲೆಯಲ್ಲಿ ಸೇರುತ್ತಾರೆ. ಪ್ರೌಢಶಾಲೆಯವರೂ ಪದವಿಪೂರ್ವ ತರಗತಿಯವರೂ ಕೂಡಿ ಮೂವತ್ತು ನಲವತ್ತು ಮಂದಿ ಇರುತ್ತಾರೆ. ಪರೀಕ್ಷೆಯ ದಿನಗಳಲ್ಲಿ ಹತ್ತು ಹನ್ನೆರಡಕ್ಕೆ ಇಳಿಯುವುದೂ ಉಂಟು. ಇದನ್ನು ಆರಂಭಿಸಿದವರು ನಾವಲ್ಲ. ಕೈಬರಹದ ಪತ್ರಿಕೆಯೊಂದನ್ನು ಹೊರಡಿಸಲು ಅಪ್ಪಣೆ ಬೇಡಿ ಬಂದ ಇಬ್ಬರು ಹುಡುಗರು, ಬಂದ ಬರಹಗಳಲ್ಲಿ ಯಾವುದನ್ನು ಆರಿಸಬೇಕೆಂದು ತಿಳಿಯದೆ, "ಎಲ್ಲಾರೂ ಓದ್ಲಿ, ಎಲ್ಲಾರೂ ಕೇಳೂಣು" ಎಂದು ನಿಶ್ಚಯಿಸಿದರು. ನಿಯಮಗಳನ್ನೂ ಅವರೇ ಮಾಡಿಕೊಂಡರು. ಓದುವುದು ಸ್ವಂತದ್ದಾಗಿರಬೇಕು. ಓದಿದ ಮೇಲೆ ಚಪ್ಪಾಳೆ ತಟ್ಟಕೂಡದು. ಚೆನ್ನಾಗಿದೆಯೆಂದಾಗಲಿ ಚೆನ್ನಾಗಿಲ್ಲವೆಂದಾಗಲಿ ಹೇಳಕೂಡದು, ಪ್ರಶ್ನೆಯನ್ನು ಕೇಳಬಹುದು. ಓದಿದವನಿಗೆ ಉತ್ತರ ಹೇಳಲು ಮನಸ್ಸಿಲ್ಲದಿದ್ದರೆ ಸುಮ್ಮನಿರಬಹುದು. ಅಲ್ಲಿ ಕೇಳಿದ್ದನ್ನು ಪಂಕ್ತಿಯಲ್ಲಿಯೋ ಆಟದ ಬಯಲಿನಲ್ಲಿಯೋ ಆಡಿಕೊಂಡು ನಗಕೂಡದು. ನಕ್ಕವನು ಒಂದು ತಿಂಗಳು ಬರಕೂಡದು. ಈ ಕೊನೆಯ ನಿಯಮದ ಹಿಂದೆ ಎಷ್ಟು ಹುಡುಗರ ಕಣ್ಣೀರಿದೆಯೆಂಬುದನ್ನು ಪ್ರಸಾದ ನಿಲಯದಲ್ಲಿ ಇದ್ದವರಿಗೆ ವಿವರಿಸಬೇಕಾಗಿಲ್ಲ. ಹಿರಿಯರು ಬಂದರೆ ಹಿಂದೆ ಕೂಡಬೇಕೆಂಬುದೂ ಒಂದು ನಿಯಮ, ಅದರಿಂದ ನಮಗೂ ವಿನಾಯಿತಿಯಿಲ್ಲ. ಪೀಠ ಹಾಕಲು ಹೋದ ಮಠದ ಸೇವಕನನ್ನು ಹುಡುಗರು ತಡೆದು, ಗೋಡೆಯ ಬದಿಯಲ್ಲಿ ಜಮಖಾನೆಯ ತುದಿಯನ್ನು ತೋರಿಸಿದರು. ಅಂದಿನಿಂದ ನಮ್ಮ ಸ್ಥಾನ ಅದೇ.

ಮೊದಲ ಕೆಲವು ತಿಂಗಳು ಅಲ್ಲಿ ಕೇಳಿಬಂದದ್ದೇನು? ಕನ್ನಡಾಂಬೆ, ಕರುಣಾಮಯಿ ಮಾತೆ, ಅನ್ನದಾತನಾದ ರೈತ, ಬಸವಣ್ಣನವರ ಸಮಾನತೆ. ಪ್ರಾಸಕ್ಕೆ ಪ್ರಾಸ ಸರಿಯಾಗಿ ಕೂಡಿರುತ್ತಿತ್ತು. ಎಲ್ಲವೂ ನವೆಂಬರ್ ತಿಂಗಳ ವೇದಿಕೆಯಿಂದ ಇಳಿದು ಬಂದಂತೆ ತೋರುತ್ತಿತ್ತು. ಇದರಲ್ಲಿ ಹುಡುಗರ ತಪ್ಪೇನೂ ಇಲ್ಲ. ಕವಿತೆಯೆಂದರೆ ಹೀಗಿರಬೇಕೆಂದು ಅವರಿಗೆ ಕಲಿಸಿದವರು ದೊಡ್ಡವರು. ಮಠಗಳ ಸಮಾರಂಭಗಳಲ್ಲಿ ಸ್ವಾಮಿಗಳನ್ನು ಕುರಿತು ಹಾಡುವ ಸ್ವಾಗತ ಪದ್ಯಗಳನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಸೂರ್ಯ, ಚಂದ್ರ, ಕಲ್ಪವೃಕ್ಷ, ಕಾಮಧೇನು ಈ ನಾಲ್ಕರಲ್ಲಿ ಒಂದಾದರೂ ಇಲ್ಲದ ಪದ್ಯವನ್ನು ಇದುವರೆಗೆ ಕಾಣೆವು. ರೈತನನ್ನು ಕುರಿತು ಬರೆದ ಹುಡುಗನ ತಂದೆ ನಿಜವಾಗಿಯೂ ಒಕ್ಕಲುತನದವನೇ. ಆದರೆ ಆ ಪದ್ಯದೊಳಗಿದ್ದ ರೈತ ಕ್ಯಾಲೆಂಡರಿನ ಚಿತ್ರದಿಂದ ಎದ್ದು ಬಂದವನಾಗಿದ್ದ.

ಬದಲಾವಣೆ ಕಂಡದ್ದು ಒಂದು ದೀಪಾವಳಿಯ ತರುವಾಯ. ಹತ್ತನೆಯ ತರಗತಿಯ ಹುಡುಗನೊಬ್ಬ ಗದ್ಯವೋ ಪದ್ಯವೋ ಎಂದು ಹೇಳಲಾಗದಂತಹ ಹತ್ತು ಸಾಲುಗಳನ್ನು ಓದಿದ. ಹಬ್ಬಕ್ಕೆಂದು ಊರಿಗೆ ಹೋಗಿದ್ದಾನೆ. ಮನೆಗೆ ಕೀಲಿ ಬಿದ್ದಿದೆ. ತಂದೆತಾಯಿಗಳು ಮುಕಾದಮನಿಂದ ಮುಂಗಡ ಪಡೆದಿದ್ದರು. ಕಬ್ಬು ಕಡಿಯುವ ಗ್ಯಾಂಗು ಆ ವರ್ಷ ಒಂದು ವಾರ ಮೊದಲೇ ಹೊರಟಿದ್ದರಿಂದ ಹಬ್ಬಕ್ಕೆ ನಿಲ್ಲದೆ ಹೊರಟುಹೋಗಿದ್ದರು. ಹುಡುಗ ಆ ಕೀಲಿಯನ್ನು ಕುರಿತು ಬರೆದಿದ್ದ. ಕೊನೆಯ ಎರಡು ಸಾಲುಗಳಲ್ಲಿ ಮಾತ್ರ ವಿಧಿಯನ್ನು ಕೂಗಿ ಕರೆದು ಅದರ ಕ್ರೌರ್ಯವನ್ನು ದೂರಿದ್ದ. ಓದು ಮುಗಿದ ಮೇಲೆ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಎಂಟನೆಯ ತರಗತಿಯ ಪೋರನೊಬ್ಬ ಕೇಳಿದ: "ಕೀಲಿಕೈ ಯಾರ ಹತ್ರ ಇತ್ತಣ್ಣಾ?"

ಹುಡುಗ ತಡೆದು ತಡೆದು ಹೇಳಿದ. ತಾಯಿ ಕೀಲಿಕೈಯನ್ನು ನೆರೆಮನೆಯ ಮುದುಕಿಯ ಕೈಯಲ್ಲಿ ಕೊಟ್ಟು ಹೋಗಿದ್ದಳು. ಒಳಗೆ ನೆಲುವಿನ ಮೇಲೆ ಒಂದು ಡಬ್ಬಿಯಲ್ಲಿ ಅವನಿಗಾಗಿ ಕರ್ಚಿಕಾಯಿ ಮಾಡಿ ಇಟ್ಟಿದ್ದಳು. ಅವನು ಬಾಗಿಲು ತೆಗೆದು, ದೀಪ ಹಚ್ಚದೆ, ಕತ್ತಲಲ್ಲಿಯೇ ಕುಳಿತು ಅವನ್ನು ತಿಂದಿದ್ದ. "ಅದನ್ಯಾಕ ಬರೀಲಿಲ್ಲ?" ಎಂದು ಪೋರ ಮತ್ತೆ ಕೇಳಿದ. "ಅಂಥಾದ್ದು ಕವಿತ್ಯಾಗ ಬರತೈತೇನ?" ಎಂದು ಇವನ ಮರುಪ್ರಶ್ನೆ. ಆ ಪ್ರಶ್ನೆಗೆ ಅಲ್ಲಿದ್ದವರಾರಲ್ಲಿಯೂ ಉತ್ತರವಿರಲಿಲ್ಲ. ಮುಂದಿನ ಶನಿವಾರ ಅದೇ ಬರಹ ಮತ್ತೆ ಬಂತು. ವಿಧಿ ಹೊರಟುಹೋಗಿತ್ತು, ಡಬ್ಬಿ ಬಂದಿತ್ತು. ಕಾಗುಣಿತದ ತಪ್ಪುಗಳು ಹಾಗೆಯೇ ಇದ್ದವು. ಕೈಬರಹದ ಪತ್ರಿಕೆಗೆ ಪ್ರತಿ ಮಾಡುವಾಗ ಹುಡುಗರೇ ತಿದ್ದಿಕೊಂಡರು.

ವಿಶ್ವವಿದ್ಯಾಲಯದಲ್ಲಿ ಕಾವ್ಯಮೀಮಾಂಸೆಯನ್ನು ಅಭ್ಯಾಸ ಮಾಡಿದಾಗ ಆನಂದವರ್ಧನ, ಅಭಿನವಗುಪ್ತರು ಸಹೃದಯನ ವಿಷಯವಾಗಿ ಹೇಳಿದ್ದನ್ನು ಶ್ರದ್ಧೆಯಿಂದ ಬರೆದುಕೊಂಡೆವು. ಕಾವ್ಯ ಕವಿಯಲ್ಲಿ ಅರ್ಧ, ಸಹೃದಯನಲ್ಲಿ ಅರ್ಧ ಎಂಬುದು ಅಲ್ಲಿಯ ತಿರುಳು. ಆ ಅರ್ಧವನ್ನು ಎಂಟನೆಯ ತರಗತಿಯ ಪೋರನು ಐದು ಶಬ್ದಗಳಲ್ಲಿ ಪೂರೈಸಿದ್ದನ್ನು ಜಮಖಾನೆಯ ತುದಿಯಲ್ಲಿ ಕುಳಿತು ಕಂಡೆವು. ಅವನಿಗೆ ಕವಿತೆಯ ಗುಣದೋಷಗಳ ಚಿಂತೆಯಿರಲಿಲ್ಲ. ಅಣ್ಣನು ಮನೆಯೊಳಗೆ ಹೋದನೋ ಇಲ್ಲವೋ ಎಂಬ ಕಳವಳ ಅವನದು.

ಪ್ರಶ್ನೆಯಿಂದಲೇ ಮಾತನ್ನು ಬೆಳೆಸುವ ಈ ಪದ್ಧತಿ ನಮ್ಮವರಿಗೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯಗಳು ಮೊದಲು ಸಂಪಾದಿಸಿದ, ಅನಂತರ ಇನ್ನೂ ಕೆಲವರು ಪರಿಷ್ಕರಿಸಿದ ಶೂನ್ಯಸಂಪಾದನೆಯು ಶರಣರ ವಚನಗಳನ್ನು ಬಿಡಿಬಿಡಿಯಾಗಿ ಜೋಡಿಸದೆ ಸಂವಾದವಾಗಿ ಹೆಣೆದದ್ದನ್ನು ಗಮನಿಸಬೇಕು. ಅಲ್ಲಿ ಒಬ್ಬರ ವಚನಕ್ಕೆ ಇನ್ನೊಬ್ಬರ ಪ್ರಶ್ನೆ, ಪ್ರಶ್ನೆಗೆ ಮತ್ತೊಂದು ವಚನ. ಎಳೆಯ ವಯಸ್ಸಿನ ಅಕ್ಕಮಹಾದೇವಿಯು ಮಂಟಪಕ್ಕೆ ಬಂದಾಗ ಅಲ್ಲಮಪ್ರಭುಗಳು ಕೇಳಿದ ಪ್ರಶ್ನೆಗಳು ಮೃದುವಾದವಲ್ಲ. ಆದರೆ ಉತ್ತರ ಹೇಳಲು ಆಕೆಗೆ ಅವಕಾಶವಿತ್ತು, ಹೇಳಿದ್ದನ್ನು ಇಡೀ ಸಭೆ ಕೇಳಿತು. ಆಯ್ದಕ್ಕಿ ಲಕ್ಕಮ್ಮ ತನ್ನ ಪತಿಯನ್ನೇ ಪ್ರಶ್ನಿಸಿ, ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಕಥೆ ಮಠದ ಮಕ್ಕಳಿಗೆಲ್ಲ ಗೊತ್ತು. ಕಥೆಯಾಗಿ ಹೇಳುವಾಗ ನಾವೆಲ್ಲರೂ ತಲೆದೂಗುತ್ತೇವೆ.

ಇನ್ನೊಂದು ಐತಿಹ್ಯವೂ ನಮ್ಮಲ್ಲಿಯೇ ಇದೆ, ಅದು ಬೇರೆ ಬಗೆಯದು. ಹಂಪೆಯ ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ಹರಿಶ್ಚಂದ್ರನ ಕಥೆಯನ್ನು ಕಾವ್ಯವಾಗಿ ರಚಿಸಿದಾಗ, ಶಿವನನ್ನೂ ಶಿವಶರಣರನ್ನೂ ಹಾಡಬೇಕಾದವನು ನರನಾದ ಅರಸನೊಬ್ಬನನ್ನು ಹಾಡಿದನೆಂದು ಹರಿಹರನು ಕೋಪಗೊಂಡು ಪಾದರಕ್ಷೆಯಿಂದ ಹೊಡೆದನಂತೆ, ಹಲ್ಲುಗಳು ಉದುರಿದವಂತೆ. ಅನಂತರ ರಾಘವಾಂಕನು ಶರಣರ ಚರಿತ್ರೆಗಳನ್ನು ಒಂದೊಂದಾಗಿ ಬರೆದಂತೆಲ್ಲ ಹಲ್ಲುಗಳು ಮರಳಿ ಬಂದವೆಂದು ಹೇಳುವರು. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಇದನ್ನು ಗುರುಭಕ್ತಿಯ ದೃಷ್ಟಾಂತವೆಂದು ಕೇಳಿದೆವು. ಮುಂದೆ ಎಂ.ಎ. ತರಗತಿಯಲ್ಲಿ ಇದೇ ಕಥೆಯನ್ನು ಹೇಳಿದ ಅಧ್ಯಾಪಕರು, ಪೆಟ್ಟು ತಿಂದ ಆ ಕಾವ್ಯವೇ ರಾಘವಾಂಕನ ಹೆಸರನ್ನು ಇಂದಿಗೂ ಉಳಿಸಿದೆಯೆಂದು ಹೇಳಿ ನಕ್ಕರು. ಎರಡು ಪಾಠಗಳೂ ನಮ್ಮೊಳಗೆ ಜಗಳವಿಲ್ಲದೆ ಇವೆ. ಹರಿಹರನ ಕೋಪದಲ್ಲಿಯೂ ಒಂದು ಸತ್ಯವುಂಟು. ಅರಸರ ಆಶ್ರಯದಲ್ಲಿ ಹೊಗಳಿ ಬದುಕುವುದು ಕವಿಗಳಿಗೆ ಅಂಟಿದ ಜಾಡ್ಯ, ಅದು ತನ್ನ ಅಳಿಯನಿಗೆ ತಗಲಬಾರದೆಂಬ ಕಾಳಜಿ ಅವನದು. ಆದರೆ ಕಾಳಜಿಯಿಂದ ಹೊಡೆದರೂ ಹಲ್ಲು ಹಲ್ಲೇ. ರಾಘವಾಂಕನಿಗೆ ಮರಳಿ ಬಂದವು; ಹದಿನೈದು ವರ್ಷದ ಹುಡುಗನಿಗೆ ಬರುವುದಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವನ್ನು ಇತ್ತೀಚಿನ ಕಾಲದಿಂದ ಕೊಡಬಹುದು. ಕುವೆಂಪು ಅವರು 1922ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ತಮ್ಮ ಇಂಗ್ಲಿಷ್ ಕವನಗಳನ್ನು 'ಬಿಗಿನರ್ಸ್ ಮ್ಯೂಸ್' ಎಂಬ ಹೆಸರಿನಲ್ಲಿ ಪ್ರಕಟಿಸಿದ್ದರು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದಾಗ, ಆ ಹಿರಿಯರು ತಾಯ್ನುಡಿಯಲ್ಲಿ ಬರೆಯಲು ಸೂಚಿಸಿದರು. ಮುಂದಿನದು ಕನ್ನಡ ನಾಡಿಗೆ ತಿಳಿದದ್ದೇ. ಹುಡುಗನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ನೋಡಿದ ಹಿರಿಯನು ಆಡಿದ ಒಂದು ಮಾತು ಬಾಗಿಲನ್ನು ಮುಚ್ಚದೆ ಇನ್ನೊಂದು ಬಾಗಿಲನ್ನು ತೋರಿಸಿತು. ಅದೇ 1922ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಹುಟ್ಟಿಕೊಂಡಿತು. ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಕೂಡಿದರು. ಅವರು ಹುಡುಗರಲ್ಲ, ಇಪ್ಪತ್ತರ ಆಚೆಯ ತರುಣರು ಎಂಬುದು ನಿಜ. ಆದರೆ ಒಬ್ಬ ಬರೆದದ್ದನ್ನು ಇನ್ನೊಬ್ಬ ಕೇಳುವ ಗೆಳೆತನದೊಳಗಿಂದಲೇ ಆ ಕಾಲದ ಕನ್ನಡ ಕವಿತೆ ಬೆಳೆಯಿತೆಂಬುದನ್ನು ಹುಡುಗರಿಗೆ ಹೇಳಿದಾಗ ಅವರ ಮುಖಗಳಲ್ಲಿ ಬೆಳಕು ಮೂಡುತ್ತದೆ.

ಕಾವ್ಯನಾಮದ ಚಪಲವೂ ಮೂಡುತ್ತದೆ! ಬೇಂದ್ರೆಯವರು ಅಂಬಿಕಾತನಯದತ್ತರಾದದ್ದನ್ನೂ ಕುವೆಂಪು ಅವರು ಮೊದಲು ಕಿಶೋರಚಂದ್ರವಾಣಿಯಾಗಿದ್ದದ್ದನ್ನೂ ಕೇಳಿದ ಮರುವಾರವೇ ನಮ್ಮ ಪಡಸಾಲೆಯಲ್ಲಿ ಏಳೆಂಟು ಮಂದಿ ಚಂದ್ರರೂ ತನಯರೂ ಪ್ರತ್ಯಕ್ಷರಾದರು. ಶರಣರ ಅಂಕಿತಗಳನ್ನು ನೆನಪಿಸಿದೆವು. ಬಸವಣ್ಣನವರಿಗೆ ಕೂಡಲಸಂಗಮದೇವ, ಮಡಿವಾಳ ಮಾಚಯ್ಯಗಳಿಗೆ ಕಲಿದೇವರದೇವ. ತಮ್ಮ ಇಷ್ಟದೈವದ ಹೆಸರಿನ ಮರೆಯಲ್ಲಿ ನಿಂತು ಮಾತನಾಡಿದವರೇ ಹೆಚ್ಚು. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡವನು. "ಅವಗ ಅಂಜಿಕಿ ಇರಲಿಲ್ಲೇನ್ರಿ ಅಜ್ಜಾರ?" ಎಂದು ಪ್ರಥಮ ಪಿಯುಸಿಯ ಹುಡುಗನೊಬ್ಬ ಕೇಳಿದ. ಅವನು ತನ್ನ ಬರಹಗಳ ಕೆಳಗೆ 'ಅನಾಮಿಕ' ಎಂದು ಬರೆಯುತ್ತಿದ್ದ.

ಜಾತ್ರೆಯ ತರುವಾಯ ಎದ್ದ ಮಾತು ಇದೇ ಹುಡುಗನ ಬರಹದ್ದು.

ಜಾತ್ರೆಯ ದಿನ ದಾಸೋಹ ಮಂಟಪದಲ್ಲಿ ಸಾವಿರಾರು ಜನ ಪ್ರಸಾದ ಸ್ವೀಕರಿಸುವುದನ್ನು ಭಕ್ತರು ನೋಡಿದ್ದಾರೆ. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಅದರ ಹಿಂಬದಿಯಲ್ಲಿ ಅತಿಥಿಗಳಿಗೆಂದು ಜಾತ್ರಾ ಸಮಿತಿಯವರು ಬೇರೊಂದು ಶಾಮಿಯಾನ ಹಾಕಿಸುವುದು ರೂಢಿಯಲ್ಲಿ ಬಂದಿದೆ. ಅಲ್ಲಿ ಮೇಜು, ಕುರ್ಚಿ, ಹೋಳಿಗೆ, ತುಪ್ಪ. ಬಡಿಸುವ ಸೇವೆ ಎರಡೂ ಕಡೆ ಪ್ರಸಾದ ನಿಲಯದ ಹುಡುಗರದು. ಈ ಹುಡುಗ ಶಾಮಿಯಾನದಲ್ಲಿ ಬಡಿಸುತ್ತಿದ್ದ. ಅವನ ತಾಯಿ ಊರಿನವರೊಡನೆ ನಡೆದು ಬಂದು ಮಂಟಪದ ಪಂಕ್ತಿಯಲ್ಲಿ ಕುಳಿತಿದ್ದಳು. ಸೇವೆ ಮುಗಿಸಿ ತಾಯಿಯನ್ನು ಕಾಣಲು ಬಂದವನ ಕೈಯನ್ನು ಆಕೆ ಹಿಡಿದುಕೊಂಡಳು, ಮೂಗಿನ ಹತ್ತಿರ ತಂದು, "ಹೋಳಿಗಿ ವಾಸನಿ ಬರಾಕತೈತಲ್ಲೋ" ಎಂದಳು. ಹುಡುಗ ಬರೆದದ್ದು ಇಷ್ಟನ್ನೇ. ಯಾರನ್ನೂ ಬೈದಿರಲಿಲ್ಲ. ಸಮಾನತೆಯೆಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಶನಿವಾರ ಅವನು ಓದಿದಾಗ ಹಿಂದಿನ ಸಾಲಿನಿಂದ ಪ್ರಶ್ನೆ ಬಂತು: "ನೀ ತಿಂದ್ಯಾ ಹೋಳಿಗಿ?" ಅವನು ಬಹಳ ಹೊತ್ತು ಸುಮ್ಮನಿದ್ದ. ನಿಯಮದಂತೆ ಸುಮ್ಮನಿದ್ದುಬಿಡಬಹುದಾಗಿತ್ತು. ಆಮೇಲೆ, "ಎರಡ ತಿಂದೆ" ಎಂದ. ಮರುವಾರ ಬರಹದಲ್ಲಿ ಆ ಎರಡು ಹೋಳಿಗೆಗಳು ಸೇರಿದ್ದವು. ಬಡಿಸುವ ಕೋಣೆಯ ಮೂಲೆಯಲ್ಲಿ ನಿಂತು ತಾನು ತಿನ್ನುತ್ತಿದ್ದಾಗ, ಗೋಡೆಯ ಆಚೆ ತಾಯಿ ಹುಗ್ಗಿಗಾಗಿ ಎಲೆಯ ಮುಂದೆ ಕಾಯುತ್ತಿದ್ದಳೆಂದು ಬರೆದಿದ್ದ. ಮೊದಲ ಬರಹದಲ್ಲಿ ಬೇರೆಯವರತ್ತ ಮಾತ್ರ ತಿರುಗಿದ್ದ ಬೆರಳು ಈಗ ತನ್ನತ್ತಲೂ ತಿರುಗಿತ್ತು. ಆತ್ಮನಿರೀಕ್ಷಣೆಯ ವಿಷಯವಾಗಿ ನಾವು ಎಷ್ಟೋ ಪ್ರವಚನಗಳನ್ನು ಮಾಡಿದ್ದೇವ‌ೆ. ಅವುಗಳಿಂದ ಆಗದ ಕೆಲಸವನ್ನು ಜೊತೆಯ ಹುಡುಗನ ಒಂದು ಪ್ರಶ್ನೆ ಮಾಡಿತ್ತು.

ಕೈಬರಹದ ಪತ್ರಿಕೆ ಒಂದೇ ಪ್ರತಿ. ದಾರದಿಂದ ಹೊಲಿದು, ರಟ್ಟು ಹಾಕಿ, ಗ್ರಂಥಾಲಯದ ಮೇಜಿನ ಮೇಲೆ ಇಡುತ್ತಾರೆ. ಒಂದೇ ಪ್ರತಿಯಾದರೂ ಅದು ಸಮಿತಿಯ ಹಿರಿಯರನ್ನು ಮುಟ್ಟಲು ನಾಲ್ಕು ದಿನ ಸಾಕಾಯಿತು. ಐದನೆಯ ದಿನ ಅವರು ನಮ್ಮ ಬಳಿಗೆ ಬಂದರು. "ಮಠದ ಅನ್ನ ಉಂಡು ಮಠಕ್ಕ ಹೆಸರು ಕೆಡಸೂದಂದ್ರ ಏನ್ರಿ ಅಜ್ಜಾರ?" ಎಂದು ಒಬ್ಬರು ಕೇಳಿದರು. ಆ ಹಾಳೆಯನ್ನು ಹರಿದು ತೆಗೆಯಬೇಕು, ಹುಡುಗನ ಪಾಲಕರನ್ನು ಕರೆಯಿಸಬೇಕು, ಶನಿವಾರದ ಓದನ್ನು ನಿಲ್ಲಿಸಿ ಅದರ ಬದಲು ವಚನ ಕಂಠಪಾಠ ಮಾಡಿಸಬೇಕು ಎಂಬುದು ಅವರ ಸೂಚನೆ. ಅವರು ಕೆಟ್ಟ ಜನರಲ್ಲ. ಅತಿಥಿಗಳು ಕೊಡುವ ಕಾಣಿಕೆಯಿಂದ ದಾಸೋಹಕ್ಕೆ ಎಷ್ಟು ಚೀಲ ಅಕ್ಕಿ, ಜೋಳ ಬರುತ್ತದೆಂಬ ಲೆಕ್ಕವನ್ನು ಅವರು ಬಲ್ಲರು; ಆ ಜೋಳದ ರೊಟ್ಟಿಯನ್ನೇ ಈ ಹುಡುಗನೂ ಉಣ್ಣುತ್ತಾನೆಂಬುದೂ ಸುಳ್ಳಲ್ಲ.

ನಾವು ಪತ್ರಿಕೆಯನ್ನು ತರಿಸಿ, ಅವರಲ್ಲಿಯೇ ಒಬ್ಬರು ಅದನ್ನು ಗಟ್ಟಿಯಾಗಿ ಓದಬೇಕೆಂದು ಕೇಳಿಕೊಂಡೆವು. ಬಂದವರಲ್ಲಿ ಇಬ್ಬರು ಮಾತ್ರ ಅದನ್ನು ಓದಿದ್ದರು, ಉಳಿದವರು ಕೇಳಿಬಂದ ಮಾತಿನಿಂದಲೇ ನೊಂದಿದ್ದರು. ಓದಿದ್ದಾಯಿತು. ಹೋಳಿಗೆಯ ವಾಸನೆಯ ಮಾತು ಬಂದಾಗ ವಯಸ್ಸಾದ ಒಬ್ಬರು ತಲೆ ತಗ್ಗಿಸಿದರು. ಇನ್ನೊಬ್ಬರು, ಎಲ್ಲ ಮಠಗಳಲ್ಲಿಯೂ ಹೀಗೆಯೇ ನಡೆಯುತ್ತದೆ, ಇದೇನು ನಮ್ಮದೊಂದೇ ಅಲ್ಲ ಎಂದರು. ಹುಡುಗನಿಗೆ ಯಾರೋ ಹೇಳಿಕೊಟ್ಟು ಬರೆಸಿದ್ದಾರೆ ಎಂದು ಮತ್ತೊಬ್ಬರ ಶಂಕೆ. ನಾವು ಹೇಳಿದ್ದು ಎರಡೇ ಮಾತು: ಹಾಳೆ ಇರುತ್ತದೆ, ಹುಡುಗನೂ ಇರುತ್ತಾನೆ. ಅನುಭವ ಮಂಟಪದ ಚಿತ್ರವನ್ನು ಪ್ರಾರ್ಥನಾ ಮಂದಿರದ ಗೋಡೆಗೆ ಹಾಕಿಕೊಂಡು, ಅದರ ಕೆಳಗೆ ಕುಳಿತ ಮಗುವಿಗೆ ಕಂಡದ್ದನ್ನು ಹೇಳಬೇಡವೆನ್ನುವುದು ನಮ್ಮಿಂದಾಗದು. ಮುಂದಿನ ಜಾತ್ರೆಗೆ ಒಂದೇ ಅಡುಗೆ, ಒಂದೇ ಪಂಕ್ತಿ ಎಂಬ ಅಪ್ಪಣೆಯೂ ಆಗಿದೆ. ನೆಲದ ಮೇಲೆ ಕೂಡಲಾಗದ ವೃದ್ಧರಿಗೂ ಅಶಕ್ತರಿಗೂ ಅದೇ ಮಂಟಪದ ಬದಿಯಲ್ಲಿ ಬೆಂಚುಗಳಿರುತ್ತವೆ.

ಸಮಿತಿಯ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟಿದ್ದಾರೆ. ಅವರಲ್ಲಿ ಒಬ್ಬರು ಮೂವತ್ತು ವರ್ಷಗಳಿಂದ ಸುಗ್ಗಿಯ ಮೊದಲ ಜೋಳವನ್ನು ದಾಸೋಹಕ್ಕೆ ಕಳುಹಿಸುತ್ತಿದ್ದವರು. ಈಗಲೂ ದಾರಿಯಲ್ಲಿ ಕಂಡರೆ ನಮಸ್ಕರಿಸುತ್ತಾರೆ, ಮಾತನಾಡುವುದಿಲ್ಲ. ಈ ವರ್ಷ ಜೋಳ ಬರಲಿಲ್ಲ. ಇದು ನಮಗೆ ನೋವಿನ ಸಂಗತಿ. ಅದನ್ನು ಮರೆಮಾಚುವುದಿಲ್ಲ.

ಹುಡುಗ ಅಂಜಿದ್ದ. ಹಿರಿಯರು ಬಂದು ಹೋದ ದಿನ ರಾತ್ರಿ ಬಾಗಿಲಿನ ಬಳಿ ನಿಂತು, "ಅಜ್ಜಾರ, ಆ ಹಾಳಿ ನಾನ ತಗದಬಿಡ್ತೀನ್ರಿ" ಎಂದ. ಹಾಳೆ ಅವನದು, ತೆಗೆಯುವ ಅಧಿಕಾರವೂ ಅವನದೇ, ಅದನ್ನೇ ಹೇಳಿದೆವು. ಬೇರೆಯವರು ತೆಗೆಸುವುದಕ್ಕೆ ಮಾತ್ರ ನಾವು ಒಪ್ಪೆವೆಂದೂ ಹೇಳಿದೆವು. ಎರಡು ದಿನ ಪತ್ರಿಕೆ ಅವನ ಬಳಿಯೇ ಇತ್ತು. ಮೂರನೆಯ ದಿನ ಗ್ರಂಥಾಲಯದ ಮೇಜಿಗೆ ಮರಳಿದಾಗ ಹಾಳೆ ಅಲ್ಲಿಯೇ ಇತ್ತು. 'ಅನಾಮಿಕ' ಎಂಬುದನ್ನು ಹೊಡೆದುಹಾಕಿ, ಬೇರೆ ಬಣ್ಣದ ಶಾಯಿಯಲ್ಲಿ ತನ್ನ ಹೆಸರನ್ನೂ ಊರನ್ನೂ ಬರೆದಿದ್ದ.

ಊರಿನ ಇನ್ನೊಂದು ತುದಿಯಲ್ಲಿರುವ ನಮ್ಮ ವಿದ್ಯಾರ್ಥಿನಿಯರ ನಿಲಯದಲ್ಲಿಯೂ ಈಗ ಇಂತಹ ಓದು ನಡೆಯುತ್ತದೆ. ಅಲ್ಲಿಗೆ ನಾವು ಹೋಗುವುದಿಲ್ಲ. ಶಿಕ್ಷಕಿಯರಾದ ತಾಯಂದಿರು ನೋಡಿಕೊಳ್ಳುತ್ತಾರೆ. ಅವರಿಂದ ತಿಳಿದ ಒಂದು ಸಂಗತಿಯನ್ನು ಹೇಳಬೇಕು. ಒಬ್ಬ ಹುಡುಗಿ ಒಂದು ವರ್ಷವಿಡೀ ಬಂದು ಕೇಳಿದಳೇ ಹೊರತು ಓದಲಿಲ್ಲ. ಆಕೆ ಮೊದಲು ಕಲಿತ ಶಾಲೆಯೊಂದರಲ್ಲಿ ಅಧ್ಯಾಪಕರೊಬ್ಬರು ಆಕೆಯ ಗುಟ್ಟಿನ ನೋಟುಬುಕ್ಕನ್ನು ಕಸಿದು, ತರಗತಿಯಲ್ಲಿ ಅಣಕಿಸಿ ಓದಿ ಎಲ್ಲರನ್ನೂ ನಗಿಸಿದ್ದರು. ಅನಂತರ ಆಕೆ ಬರೆದದ್ದನ್ನೆಲ್ಲ ಒಲೆಗೆ ಹಾಕುತ್ತಿದ್ದಳಂತೆ. ಬಲವಂತದಿಂದ ಓದಿಸುವುದೂ ಕದ್ದು ಓದುವುದೂ ಒಂದೇ ಜಾತಿಯ ಹಿಂಸೆಗಳು. ಕಡೆಗೆ ಆಕೆ ಒಂದು ಚೀಟಿಯನ್ನು ಗೆಳತಿಯ ಕೈಗೆ ಕೊಟ್ಟು ಓದಿಸಿದಳು, ತಾನು ಕಂಬದ ಹಿಂದೆ ಕುಳಿತಿದ್ದಳು. ಸದ್ಯಕ್ಕೆ ಅಷ್ಟೇ ಆಗಿದೆ. ಆಕೆಯನ್ನು ಯಾರೂ ಅವಸರಪಡಿಸುತ್ತಿಲ್ಲ.

ಇನ್ನೊಂದು ಎಚ್ಚರವನ್ನು ಪಾಲಕರಿಗೂ ಶಿಕ್ಷಕರಿಗೂ ಹೇಳುವುದು ಅವಶ್ಯ. ಮಗುವಿನ ಬರಹದಲ್ಲಿ ಬದುಕೇ ಬೇಡವೆಂಬ ಮಾತು ಕಂಡರೆ, ಕವಿತೆಯೆಂದು ಕೇಳಿ ಎದ್ದುಹೋಗಬಾರದು. ಅದೇ ದಿನ ಮಗುವನ್ನು ಬಳಿಗೆ ಕರೆದು, ಉಂಡೆಯಾ, ನಿದ್ರೆ ಬರುತ್ತಿದೆಯಾ, ಏನಾಗಿದೆ ಎಂದು ನೇರವಾಗಿ ಕೇಳಬೇಕು. ಒಂಟಿಯಾಗಿ ಬಿಡಬಾರದು, ವೈದ್ಯರ ಬಳಿಗೆ ಕರೆದೊಯ್ಯಲು ನಾಚಬಾರದು. ಬರೆದದ್ದಕ್ಕಾಗಿ ಗದರಿದರೆ ಮಗು ಬರೆಯುವುದನ್ನು ನಿಲ್ಲಿಸೀತು, ಒಳಗಿನದು ನಿಲ್ಲುವುದಿಲ್ಲ.

ಈಗಿನ ಮಕ್ಕಳು ರಜೆಯಲ್ಲಿ ಮನೆಗೆ ಹೋದಾಗ ಬರೆದದ್ದನ್ನು ಮೊಬೈಲಿನಲ್ಲಿಯೂ ಹಂಚುತ್ತಾರೆ. ಹಂಚಲಿ. ನೂರು ಮಂದಿ ಹೆಬ್ಬೆರಳು ತೋರಿಸಿದರೂ ಕೀಲಿಕೈ ಎಲ್ಲಿತ್ತೆಂದು ಕೇಳಿದವರು ಒಬ್ಬರೂ ಇರಲಿಲ್ಲವೆಂದು ಒಬ್ಬ ಹುಡುಗನೇ ಬಂದು ಹೇಳಿದ. ಬಹುಮಾನದ ಮಾತೂ ಬಂದಿತ್ತು. ಉದಾರಿಗಳಾದ ಭಕ್ತರೊಬ್ಬರು ವರ್ಷದ ಅತ್ಯುತ್ತಮ ಕವಿತೆಗೆ ಬೆಳ್ಳಿಯ ಪದಕ ಕೊಡುವುದಾಗಿ ಹೇಳಿ ಕಳುಹಿಸಿದರು. ಹುಡುಗರು ಸಭೆ ಸೇರಿ, ಪದಕ ಬೇಡ, ಗ್ರಂಥಾಲಯಕ್ಕೆ ಎರಡು ಟ್ಯೂಬ್‌ಲೈಟು ಬೇಕು ಎಂದು ಉತ್ತರ ಬರೆದರು. ಭಕ್ತರು ನಕ್ಕು ನಾಲ್ಕು ಕೊಡಿಸಿದ್ದಾರೆ.

ತಮ್ಮ ಕಾಲದ ಕೈಬರಹದ ಪತ್ರಿಕೆಗಳನ್ನು ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ಗ್ರಂಥಾಲಯಕ್ಕೆ ತಂದು ಕೊಡಬಹುದು. ಅವುಗಳಿಗಾಗಿ ಒಂದು ಕಪಾಟನ್ನು ತೆರವು ಮಾಡಿಸಲಾಗಿದೆ. ಮಠಕ್ಕೆ ಬಂದವರು ಶನಿವಾರ ರಾತ್ರಿ ಉಳಿದುಕೊಂಡು ಓದನ್ನು ಕೇಳಬೇಕೆಂದರೆ ಅಡ್ಡಿಯಿಲ್ಲ. ಹಿಂದೆ, ಗೋಡೆಯ ಬದಿಯಲ್ಲಿ ಸ್ಥಳವಿದೆ. ಎಂಟೂವರೆಯ ಒಳಗೆ ಬಂದು ಕೂಡಬೇಕು. ಓದು ಆರಂಭವಾದ ಮೇಲೆ ಬಾಗಿಲು ಕಿರ್ರೆನ್ನುವುದು ಹುಡುಗರಿಗೆ ಸೇರುವುದಿಲ್ಲ.